ಲೇಸರ್ ಮಿಷನ್ ಕೊಳ್ಳುವ ಮೊದಲು ‘ಧನಲಕ್ಷ್ಮಿ’ ಎಂದು ಕೊರೆಸಿ ನೋಡಿ

(ಬೆಂಗಳೂರಿನಲ್ಲಿ ನೆಲೆಸಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಯುವಕರ ಸಭೆಯಲ್ಲಿ ಬಲಸಮುದ್ರದ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿವರೆಗೆ ಓದಿ, ಆಮೇಲೆ ಪ್ರೆಸ್ಸಿನ ಮಸಿಯಲ್ಲೇ ಕೈ ಅದ್ದಿಕೊಂಡು ಬದುಕಿದವನು. ನಮ್ಮ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್, ತಿಥಿ ಕಾರ್ಡು, ರಬ್ಬರ್ ಸೀಲು ಎಲ್ಲ ಆಗುತ್ತಿತ್ತು. ಈಗ ಲಗ್ನಪತ್ರಿಕೆ ವಾಟ್ಸಪ್‌ನಲ್ಲಿ ಹೋಗುತ್ತದೆ. ಐನೂರು ಅಚ್ಚು ಹಾಕಿಸುತ್ತಿದ್ದವರು ದೇವರ ಮುಂದೆ ಇಡುವುದಕ್ಕೆ, ಬೀಗರಿಗೆ ಕೊಡುವುದಕ್ಕೆ ಅಂತ ನೂರು ಹಾಕಿಸುತ್ತಾರೆ. ಹೀಗಾಗಿ ನನ್ನಂಥ ಸಣ್ಣ ಪ್ರೆಸ್ಸಿನವರು ಒಬ್ಬೊಬ್ಬರಾಗಿ ಲೇಸರ್ ಕೆತ್ತನೆ ಮಿಷನ್ ಕಡೆ ತಿರುಗುತ್ತಿದ್ದೇವೆ. ನಿಮ್ಮಲ್ಲಿ ಅನೇಕರು ಪೀಣ್ಯದ ಕಡೆ ಕೆಲಸದಲ್ಲಿದ್ದೀರಿ. ‘ಅಣ್ಣಾ, ನಾನೂ ಒಂದು ಲೇಸರ್ ಮಿಷನ್ ಹಾಕಿಕೊಂಡು ಊರಿಗೆ ಬಂದುಬಿಡಲಾ?’ ಅಂತ ಕೇಳುವವರು ಹೆಚ್ಚಾಗಿದ್ದಾರೆ. ಅವರಿಗಾಗಿ ಈ ಮಾತು.

ಮಿಷನ್ ಯಾವುದು ಒಳ್ಳೆಯದು ಅಂತ ಮೊದಲೇ ಕೇಳಬೇಡಿ. ನಿಮ್ಮ ಊರಿನ ಜನ ಯಾವುದರ ಮೇಲೆ ಹೆಸರು ಬರೆಸುತ್ತಾರೆ ಅಂತ ನೋಡಿ. ನಮ್ಮ ಕಡೆ ಮದುವೆಗೆ ಮುಯ್ಯಿ ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸುತ್ತಾರೆ. ದೇವಸ್ಥಾನಕ್ಕೆ ಗಂಟೆ, ದೀಪ, ಕೊಡ ಕೊಟ್ಟರೆ ಇಂಥವರ ಸೇವೆ ಅಂತ ಕೊರೆಸುತ್ತಾರೆ. ಗೊರವನಹಳ್ಳಿ ಲಕ್ಷ್ಮಿಗೆ, ಪಾವಗಡದ ಶನೈಶ್ಚರ ಸ್ವಾಮಿಗೆ ಹರಕೆ ಹೊರುವ ಜನ ನಾವು. ಇದು ಲೋಹದ ಕೆಲಸ. ಮನೆ ಬಾಗಿಲ ನಾಮಫಲಕ, ಅಂಗಡಿ ಬೋರ್ಡಿನ ಅಕ್ಷರ, ಶಾಲೆಯ ಬಹುಮಾನದ ಫಲಕ, ರಬ್ಬರ್ ಸೀಲು ಇವೆಲ್ಲ ಮರ, ಅಕ್ರಿಲಿಕ್, ರಬ್ಬರಿನ ಕೆಲಸ. ಶಂಕುಸ್ಥಾಪನೆಯ ಶಿಲಾಫಲಕ, ಸಮಾಧಿಯ ಕಲ್ಲು ಮತ್ತೊಂದು ಬಗೆ. ಈ ಮೂರನ್ನೂ ಚೆನ್ನಾಗಿ ಮಾಡುವ ಒಂದೇ ಮಿಷನ್ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ ಅವನು ಮಾರುವವನು, ಮಾಡುವವನಲ್ಲ!

ಯಾಕೆ ಇಲ್ಲ? ಲೇಸರ್ ಎಂದರೆ ಬೆಳಕು. ಆ ಬೆಳಕನ್ನು ವಸ್ತು ಹೀರಿಕೊಂಡರೆ ಸುಡುತ್ತದೆ. ಹೀರಿಕೊಳ್ಳದೆ ಹೋದರೆ ಬೆಳಕು ದಾಟಿಹೋಗುತ್ತದೆ, ಇಲ್ಲವೇ ಪ್ರತಿಫಲಿಸುತ್ತದೆ. ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಮೂರು ಜಾತಿ. ನೀಲಿ ಬೆಳಕಿನ ಡಯೋಡ್, ಗಾಜಿನ ಟ್ಯೂಬಿನ ಸಿಓಟು, ಆಮೇಲೆ ಫೈಬರ್.

ಡಯೋಡ್ ಮಿಷನ್ ಅಗ್ಗ. ಮೇಜಿನ ಮೇಲೆ ಇಡಬಹುದು. ಮರ, ಚರ್ಮ, ರಟ್ಟು ಇವುಗಳ ಮೇಲೆ ಕೊರೆಯುತ್ತದೆ. ಆದರೆ ಪಾರದರ್ಶಕ ಅಕ್ರಿಲಿಕ್ ಇಟ್ಟರೆ ನೀಲಿ ಬೆಳಕು ಕಿಟಕಿ ಗಾಜಿನಲ್ಲಿ ಬಿಸಿಲು ಹೋದಂತೆ ಹೊರಟುಹೋಗುತ್ತದೆ, ಒಂದು ಗೆರೆಯೂ ಬೀಳುವುದಿಲ್ಲ. ಇನ್ನೊಂದು ಕಣ್ಕಟ್ಟು ಗಮನಿಸಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘40 ವ್ಯಾಟ್’ ಅಂತ ಇರುತ್ತದೆ. ಅನೇಕ ಸಲ ಅದು ಮಿಷನ್ ಎಳೆಯುವ ಕರೆಂಟಿನ ಲೆಕ್ಕ. ಹೊರಗೆ ಬರುವ ಬೆಳಕಿನ ಬಲ ಎಷ್ಟು ಅಂತ ಕೇಳಿ, ಐದೋ ಹತ್ತೋ ಅನ್ನುತ್ತಾರೆ. ಕಲಿಯುವುದಕ್ಕೆ, ಕೀಚೈನ್ ಮಾಡುವುದಕ್ಕೆ ಪರವಾಗಿಲ್ಲ. ಅದನ್ನು ನಂಬಿ ಕೆಲಸ ಬಿಡಬೇಡಿ.

ಅಂಗಡಿ ನಡೆಸುವವನಿಗೆ ನಿಜವಾದ ಎತ್ತು ಸಿಓಟು ಮಿಷನ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಸಿ.ಕೆ.ಎನ್. ಪಟೇಲ್. ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು! ಚೀನಾ ಮಾಲು ಅಂತ ಮೂಗು ಮುರಿಯುವವರಿಗೆ ಇದನ್ನು ಹೇಳಿ. ಇದರ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅಕ್ರಿಲಿಕ್, ಮರ, ಎಂಡಿಎಫ್, ರಬ್ಬರು, ಚರ್ಮ, ಬಟ್ಟೆ, ಕಾಗದ ಎಲ್ಲವನ್ನೂ ಕತ್ತರಿಸುತ್ತದೆ; ಗಾಜಿನ ಮೇಲೆ ಮಂಜಿನಂಥ ಅಕ್ಷರ ಬಿಡಿಸುತ್ತದೆ. ಆದರೆ ಬರಿ ಸ್ಟೀಲು, ಹಿತ್ತಾಳೆ ಇಟ್ಟರೆ ಏನೂ ಆಗುವುದಿಲ್ಲ.

ವ್ಯಾಟಿನ ಒರಟು ಲೆಕ್ಕ ಹೇಳುತ್ತೇನೆ. ಅಕ್ರಿಲಿಕ್ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು ಹತ್ತು ವ್ಯಾಟ್ ಇದ್ದರೆ ನೆಮ್ಮದಿಯಾಗಿ ಕತ್ತರಿಸುತ್ತದೆ. ನಾಮಫಲಕದ ಕೆಲಸ ಹೆಚ್ಚಾಗಿ ಮೂರರಿಂದ ಆರು ಮಿಲಿಮೀಟರಿನಲ್ಲಿ ಮುಗಿಯುತ್ತದೆ. ಆದ್ದರಿಂದ 60 ಅಥವಾ 80 ವ್ಯಾಟ್ ಸಾಕು. ವ್ಯಾಟಿಗಿಂತ ಹೆಚ್ಚು ಯೋಚಿಸಬೇಕಾದದ್ದು ಹಾಸಿನ ಅಳತೆ. 900 ಗುಣಿಸು 600 ಮಿಲಿಮೀಟರ್ ಹಾಸನ್ನು ‘ಮೂರು ಅಡಿ ಎರಡು ಅಡಿ’ ಅಂತ ಮಾರುತ್ತಾರೆ. ಎರಡು ಅಡಿ ಎಂದರೆ 610 ಮಿಲಿಮೀಟರ್, ಮೂರು ಅಡಿ ಎಂದರೆ 914. ಅಡಿ ಲೆಕ್ಕದಲ್ಲಿ ಕುಯ್ದು ತಂದ ಪ್ಲೇಟು ಅದರೊಳಗೆ ಕೂರುವುದಿಲ್ಲ! ನಮ್ಮ ದೇಶದಲ್ಲಿ ಅಕ್ರಿಲಿಕ್ ಶೀಟು ಬರುವುದು ಎಂಟು ಅಡಿ ಗುಣಿಸು ನಾಲ್ಕು ಅಡಿ. 1300 ಗುಣಿಸು 900ರ ಹಾಸಾದರೆ ಒಂದು ಶೀಟನ್ನು ಸರಿಯಾಗಿ ಮೂರು ತುಂಡು ಮಾಡಿ, ನಾಲ್ಕು ಅಡಿ ಗುಣಿಸು ಎರಡು ಅಡಿ ಎಂಟು ಅಂಗುಲದಂತೆ, ಒಂದೊಂದಾಗಿ ಹಾಸಬಹುದು. ಚೂರು ಪಾರು ಉಳಿಯುವುದಿಲ್ಲ. ಜಾಗ ಇದ್ದವರು ಇದನ್ನೇ ತೆಗೆದುಕೊಳ್ಳಿ.

ಟ್ಯೂಬು ಗಾಜಿನದು. ಅದರ ಆಯಸ್ಸು ಕೆಲವು ಸಾವಿರ ಗಂಟೆ. ಓಡಿಸದೆ ಇಟ್ಟರೂ ಕಾಲ ಕಳೆದಂತೆ ಬಲ ಕುಗ್ಗುತ್ತದೆ. ಆದ್ದರಿಂದ ಟ್ಯೂಬಿನ ತಯಾರಿಕೆಯ ತಾರೀಖು ನೋಡಿಯೇ ತೆಗೆದುಕೊಳ್ಳಿ. ಅದನ್ನು ತಣ್ಣಗಿಡುವುದಕ್ಕೆ ನೀರು ಹರಿಯುತ್ತಿರಬೇಕು. ಇಲ್ಲಿ ನಮ್ಮ ಸೀಮೆಯವರು ಕಿವಿಗೊಟ್ಟು ಕೇಳಿ. ಪಾವಗಡ, ಮಧುಗಿರಿಯ ಬೋರ್‌ವೆಲ್ ನೀರು ಗಡಸು. ಅದರಲ್ಲೂ ಪಾವಗಡದ ಫ್ಲೋರೈಡ್ ನೀರು ಎಷ್ಟೋ ಜನರ ಹಲ್ಲು, ಮೂಳೆ ತಿಂದಿದೆ. ಅಂಥ ಗಡಸು ನೀರು ಟ್ಯೂಬಿನೊಳಗೆ ಸುಣ್ಣ ಕಟ್ಟುತ್ತದೆ. ಲವಣ ಇರುವ ನೀರು ಕರೆಂಟನ್ನೂ ಹರಿಸುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಹಾಕಬೇಡಿ. ಇನ್ನು ಅಗ್ಗದ ಮಿಷನ್ ಜೊತೆ ‘3000’ ಅಂತ ನಂಬರಿರುವ ಚಿಲ್ಲರ್ ಕೊಡುತ್ತಾರೆ. ಅದು ಹೆಸರಿಗೆ ಚಿಲ್ಲರ್. ಒಳಗೆ ಫ್ಯಾನು, ರೇಡಿಯೇಟರ್ ಮಾತ್ರ. ಕೋಣೆಯ ಬಿಸಿಗಿಂತ ಕೆಳಗೆ ನೀರನ್ನು ತಣಿಸುವುದಕ್ಕೆ ಅದರಿಂದ ಆಗುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಟ್ಯೂಬಿಗೆ ಬೇಕಾದದ್ದು ಇಪ್ಪತ್ತು ಡಿಗ್ರಿಯ ಆಸುಪಾಸಿನ ನೀರು. ಕಂಪ್ರೆಸರ್ ಇರುವ ‘5000’ ದರ್ಜೆಯದನ್ನೇ ಕೇಳಿ. ದುಡ್ಡು ಹೆಚ್ಚು ಬೀಳುತ್ತದೆ, ಬೀಳಲಿ. ಅದು ಟ್ಯೂಬಿನ ಜೀವ ವಿಮೆ.

ಪಾತ್ರೆಯ ಕೆಲಸಕ್ಕೆ ಬೇಕಾದದ್ದು ಫೈಬರ್ ಮಿಷನ್. 20 ಅಥವಾ 30 ವ್ಯಾಟಿನದು ಸ್ಟೀಲಿನ ಲೋಟದ ಮೇಲೆ ಹೆಸರನ್ನು ಕೆಲವೇ ಸೆಕೆಂಡಿನಲ್ಲಿ ಮೂಡಿಸುತ್ತದೆ. ಹಿತ್ತಾಳೆಯ ಮೇಲೂ ಆಗುತ್ತದೆ. ಕೊಡ, ಚೊಂಬಿನಂಥ ದುಂಡು ಸಾಮಾನಿಗೆ ತಿರುಗುವ ಹಿಡಿಕೆ ಬೇಕು, ಅದನ್ನು ಬೇರೆಯಾಗಿ ಕೊಳ್ಳಬೇಕು. ಟ್ಯೂಬಿಲ್ಲ, ನೀರಿಲ್ಲ, ಬಾಳಿಕೆ ಹೆಚ್ಚು. ಆದರೆ ಇದು ಅಕ್ರಿಲಿಕ್ ಕತ್ತರಿಸುವುದಿಲ್ಲ, ಮರಕ್ಕೆ ಪ್ರಯೋಜನವಿಲ್ಲ. ಕಣ್ಣಿನ ವಿಷಯದಲ್ಲಿ ಇದು ಮಹಾ ಮೋಸಗಾರ. ಸಿಓಟು ಬೆಳಕನ್ನು ಮಿಷನ್ನಿನ ಅಕ್ರಿಲಿಕ್ ಮುಚ್ಚಳವೇ ತಡೆದುಬಿಡುತ್ತದೆ. ಫೈಬರ್ ಬೆಳಕು ಕಾಣುವುದೂ ಇಲ್ಲ, ಮಾಮೂಲಿ ಗಾಜಿಗೆ ನಿಲ್ಲುವುದೂ ಇಲ್ಲ. ಹೊಳೆಯುವ ತಟ್ಟೆಗೆ ಬಡಿದು ಹಾರಿ ನೇರ ಕಣ್ಣಿನ ಪರದೆಯನ್ನೇ ಸುಡುತ್ತದೆ. ‘1064’ ಅಂತ ಬರೆದಿರುವ ಕನ್ನಡಕವನ್ನೇ ಹಾಕಬೇಕು. ಡಯೋಡಿನ ಕನ್ನಡಕ ಇದಕ್ಕೆ ಆಗುವುದಿಲ್ಲ. ಗಿರಾಕಿಯನ್ನು, ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಪಾತ್ರೆ ಅಂಗಡಿಯ ಮುಂದೆ ಬಯಲಲ್ಲಿ ಇಟ್ಟುಕೊಂಡು ಕೊರೆಯುವವರನ್ನು ಕಂಡಿದ್ದೇನೆ, ಎದೆ ನಡುಗುತ್ತದೆ.

ಕಲ್ಲಿನ ಮಾತೊಂದನ್ನು ಬೇಗ ಹೇಳಿ ಮುಗಿಸುತ್ತೇನೆ. ನುಣ್ಣಗೆ ಪಾಲಿಷ್ ಮಾಡಿದ ಕಪ್ಪು ಗ್ರಾನೈಟ್ ಮೇಲೆ ಸಿಓಟು ಲೇಸರ್ ಬೆಳ್ಳಗೆ ಬರೆಯುತ್ತದೆ. ಭಾವಚಿತ್ರ ಕೂಡ ಬರುತ್ತದೆ. ಆದರೆ ಅದು ಮೇಲ್ಪದರ ಒಡೆದು ಬಿಳುಪಾಗುವುದೇ ಹೊರತು ಆಳ ಇಲ್ಲ. ಬೆರಳಿಗೆ ಸಿಗುವ ಆಳ ಬೇಕಾದರೆ ಉಳಿ ಬೇಕು, ಇಲ್ಲವೇ ಮರಳು ಊದಬೇಕು. ನಮ್ಮ ತುಮಕೂರು ಜಿಲ್ಲೆಯ ಕಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ಸಾಹೇಬರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಶತಮಾನಗಳ ಮಳೆ ಬಿಸಿಲು ತಿಂದ ಅಕ್ಷರಗಳನ್ನು ಅವರು ಓದಿದ್ದು ಆ ಉಳಿಯ ಆಳದಿಂದ. ಕಲ್ಲಿನಿಂದ ಕಾಗದಕ್ಕೆ ಬಂದ ಕನ್ನಡವನ್ನು ಈಗ ಪ್ರೆಸ್ಸಿನವರಾದ ನಾವು ಕಾಗದದಿಂದ ಕಲ್ಲಿಗೆ ವಾಪಸ್ ಒಯ್ಯುತ್ತಿದ್ದೇವೆ, ಇರಲಿ!

ಈಗ ನಾನು ಹೇಳಲೇಬೇಕು ಅಂತ ಬಂದ ಮಾತು. ಮಿಷನ್ ಮಾರುವವರು ಡೆಮೊ ತೋರಿಸುತ್ತಾರೆ. ಏನು ಬರೆದು ತೋರಿಸುತ್ತಾರೆ? ಇಂಗ್ಲಿಷಿನಲ್ಲಿ ‘ವೆಲ್‌ಕಮ್’, ಒಂದು ಹುಲಿಯ ಮುಖ, ಒಂದು ಗುಲಾಬಿ. ಒಬ್ಬ ಮಾರಾಟಗಾರರ ಬಳಿ ನಾನು, ‘ಸ್ವಾಮಿ, ಸ್ವಾತಂತ್ರ್ಯ ಅಂತ ಕೊರೆದು ತೋರಿಸಿ’ ಅಂದೆ. ಅವರು ಮಿಷನ್ನಿನ ಜೊತೆ ಬರುವ ಸಾಫ್ಟ್‌ವೇರಿನಲ್ಲೇ ಕನ್ನಡ ಒತ್ತಿದರು. ಒತ್ತಕ್ಷರ ಕೆಳಗೆ ಇಳಿಯದೆ ಅಕ್ಷರಗಳೆಲ್ಲ ಪಕ್ಕಪಕ್ಕಕ್ಕೆ ಸಾಲಾಗಿ ನಿಂತವು, ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ. ‘ಇಂಗ್ಲಿಷ್ ಹಾಕಿಕೊಳ್ಳಿ ಸಾರ್, ಈಗ ಎಲ್ಲರೂ ಅದನ್ನೇ ಕೇಳುತ್ತಾರೆ’ ಅಂದರು! ಯಾರು ಕೇಳುತ್ತಾರೆ? ನಮ್ಮೂರಿನ ಅಜ್ಜಿ ತನ್ನ ಯಜಮಾನರ ಹೆಸರನ್ನು ಗಂಟೆಯ ಮೇಲೆ ಇಂಗ್ಲಿಷಿನಲ್ಲಿ ಕೊರೆಸುತ್ತಾಳೆಯೇ?

ಮಿಷನ್ನಿನ ತಪ್ಪಲ್ಲ ಇದು. ಮಿಷನ್ನಿಗೆ ಭಾಷೆ ಗೊತ್ತಿಲ್ಲ, ಗೆರೆ ಮಾತ್ರ ಗೊತ್ತು. ಅದಕ್ಕೆ ಅಕ್ಷರ ಕೊಡಬೇಡಿ, ಗೆರೆ ಕೊಡಿ. ಕೋರೆಲ್‌ಡ್ರಾದಲ್ಲೋ, ಪುಕ್ಕಟೆ ಸಿಗುವ ಇಂಕ್‌ಸ್ಕೇಪ್‌ನಲ್ಲೋ ಕನ್ನಡ ಟೈಪು ಮಾಡಿ. ನುಡಿ ಆಗಲಿ, ಬರಹ ಆಗಲಿ, ಯೂನಿಕೋಡ್ ಆಗಲಿ, ತೆರೆಯ ಮೇಲೆ ಒತ್ತು ಸರಿಯಾಗಿ ಕೂತಿದೆಯೇ ನೋಡಿ. ಆಮೇಲೆ ಅದನ್ನು ಕರ್ವ್‌ಗೆ ಬದಲಾಯಿಸಿ. ಆ ಗಳಿಗೆಯಿಂದ ಅದು ಫಾಂಟ್ ಅಲ್ಲ, ಚಿತ್ರ. ಯಾವ ಮಿಷನ್ನಿಗೆ ಕೊಟ್ಟರೂ ಒಡೆಯುವುದಿಲ್ಲ. ನೋಟೊ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ತಿರೊ ಮುಂತಾದ ಯೂನಿಕೋಡ್ ಫಾಂಟುಗಳು ಕಾಸಿಲ್ಲದೆ ಸಿಗುತ್ತವೆ, ವ್ಯಾಪಾರಕ್ಕೆ ಬಳಸುವುದಕ್ಕೂ ಅನುಮತಿ ಇದೆ. ಕನ್ನಡದಲ್ಲಿ ಚೆಂದದ ಫಾಂಟಿಲ್ಲ ಅನ್ನುವ ನೆವ ಇನ್ನು ನಡೆಯುವುದಿಲ್ಲ.

ಕರ್ವ್ ಮಾಡಿದ ಮೇಲೂ ಕೆಲಸ ಮುಗಿಯಲಿಲ್ಲ. ‘ಧ’ ಅಕ್ಷರ ನೋಡಿ. ‘ದ’ಗೂ ಅದಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು. ಸಣ್ಣ ಅಕ್ಷರದಲ್ಲಿ ಲೇಸರಿನ ಬಿಸಿಗೆ ಆ ಸೀಳು ಸುಟ್ಟು ಸೇರಿಕೊಂಡುಬಿಡುತ್ತದೆ. ‘ಧನಲಕ್ಷ್ಮಿ ಸ್ಟೋರ್ಸ್’ ಹೋಗಿ ‘ದನಲಕ್ಷ್ಮಿ ಸ್ಟೋರ್ಸ್’ ಆಯಿತು! ‘ಪ’ ‘ಫ’, ‘ಡ’ ‘ಢ’ ಎಲ್ಲಕ್ಕೂ ಇದೇ ಗತಿ. ಅದಕ್ಕೇ ನಾನು ಹೇಳುವುದು, ದುಡ್ಡು ಎಣಿಸುವ ಮೊದಲು ನಿಮ್ಮದೇ ಫೈಲು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಧನಲಕ್ಷ್ಮಿ, ಸ್ವಾತಂತ್ರ್ಯ, ರಾಷ್ಟ್ರ, ಕೃಷ್ಣ, ಅರ್ಕಾವೊತ್ತು ಇರುವ ಒಂದು ಪದ, ಇಷ್ಟನ್ನು ದೊಡ್ಡದು, ನಡುವಿನದು, ಐದು ಮಿಲಿಮೀಟರಿನದು ಹೀಗೆ ಮೂರು ಅಳತೆಯಲ್ಲಿ ಕೊರೆಸಿ. ಐದು ಮಿಲಿಮೀಟರಿನ ಸಾಲಿನಲ್ಲಿ ಸೀಳು ಕಂಡರೆ, ಒತ್ತು ಮೇಲಿನ ಅಕ್ಷರಕ್ಕೆ ಅಂಟದಿದ್ದರೆ, ಆ ಮಿಷನ್ನಿನ ಲೆನ್ಸು, ಬೆಲ್ಟು, ಮೋಟರು ಮೂರೂ ಸರಿಯಾಗಿವೆ ಅಂತ ಅರ್ಥ. ದುಂಡು ಅಕ್ಷರದ ಅಂಚು ಹಲ್ಲುಹಲ್ಲಾಗಿ ಬಂದರೆ ಬೆಲ್ಟು ಸಡಿಲ ಅಥವಾ ವೇಗ ಅತಿ ಅಂತ ತಿಳಿಯಿರಿ. ಇಂಗ್ಲಿಷಿನ ನೆಟ್ಟಗೆ ನಿಂತ ಅಕ್ಷರದಲ್ಲಿ ಇಂಥ ಐಬು ಬಚ್ಚಿಟ್ಟುಕೊಳ್ಳಬಹುದು. ಕನ್ನಡ ದುಂಡಗಿನ ಭಾಷೆ, ಅದರ ಮುಂದೆ ಯಾವ ಮಿಷನ್ನಿನ ಗುಟ್ಟೂ ನಿಲ್ಲುವುದಿಲ್ಲ.

ಕತ್ತರಿಸಿ ತೆಗೆಯುವ ಅಕ್ಷರವಾದರೆ ಇನ್ನೊಂದು ಎಚ್ಚರ. ‘ರಂಗನಾಥ’ ಅಂತ ತಗಡಿನಿಂದಲೋ ಮರದಿಂದಲೋ ಕೊರೆದು ತೆಗೆದರೆ ‘ರ’ದ ಹೊಟ್ಟೆ, ಸೊನ್ನೆಯ ನಡು, ‘ಥ’ದ ಒಳಗು ಎಲ್ಲ ಕಳಚಿ ಕೆಳಗೆ ಬೀಳುತ್ತವೆ. ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಎಲ್ಲಿ ಬಿಟ್ಟರೆ ಓದುವುದಕ್ಕೆ ತೊಡಕಾಗುವುದಿಲ್ಲ ಅನ್ನುವುದು ಕನ್ನಡ ಓದುವವನಿಗೆ ಮಾತ್ರ ಗೊತ್ತಾಗುತ್ತದೆ. ಹಿಂದೆ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರುಗಳಿಗೆ ಈ ಕಣ್ಣಿತ್ತು. ಹಾಗೆಯೇ ಪ್ರೆಸ್ಸಿನ ಪ್ರೂಫ್ ಪದ್ಧತಿಯನ್ನು ಬಿಡಬೇಡಿ. ಕೊರೆಯುವ ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆದು ಗಿರಾಕಿಯ ಸಹಿ ಹಾಕಿಸಿ. ಕಾಗದದಲ್ಲಿ ತಪ್ಪಾದರೆ ಮತ್ತೆ ಅಚ್ಚು ಹಾಕಬಹುದು. ಹಿತ್ತಾಳೆ ಗಂಟೆಯಲ್ಲಿ ತಪ್ಪಾದರೆ ಗಂಟೆಯೇ ಬದಲಾಗಬೇಕು.

ಕೆಲಸ ಇದೆಯೇ ಅಂತ ಕೇಳುತ್ತೀರಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆಯಿತು. ಅಂಗಡಿ, ಕಚೇರಿ, ಆಸ್ಪತ್ರೆ, ಹೋಟೆಲುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೀದಿಗಿಳಿದು ಹೋರಾಡಿದವರು ನೀವು, ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಆ ಬೋರ್ಡುಗಳನ್ನು ಮಾಡಿದವರು ಯಾರು? ಕನ್ನಡ ಓದಲು ಬಾರದ ಕೈಗಳು ಮಾಡಿದ ಬೋರ್ಡುಗಳಲ್ಲಿ ಒತ್ತು ಹಾರಿಹೋಗಿದೆ, ದೀರ್ಘ ಮಾಯವಾಗಿದೆ. ಶೇಕಡಾ 60 ಕನ್ನಡ, ಅದರಲ್ಲಿ ಅರ್ಧ ತಪ್ಪು! ಆ ಕೆಲಸ ನಿಮಗಾಗಿ ಕಾದು ಕೂತಿದೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದವರಿಗೆ ಮತ್ತೊಂದು ಅನುಕೂಲ. ಮಡಕಶಿರಾ ಕಡೆ ಮನೆಯಲ್ಲಿ ಕನ್ನಡ ಆಡುವವರು ಇದ್ದಾರೆ. ಅವರಿಗೆ ಬಾಗಿಲ ಮೇಲೆ ಕನ್ನಡ ಬರೆದುಕೊಡುವವರು ಬೇಕು.

ಬೋರ್ಡಿನ ಆಸೆಗೆ ಬಿದ್ದು ಒಂದು ಕೆಲಸ ಮಾತ್ರ ಮಾಡಬೇಡಿ. ಸನ್‌ಬೋರ್ಡ್, ಫ್ಲೆಕ್ಸ್, ವಿನೈಲ್ ಸ್ಟಿಕ್ಕರ್ ಇವನ್ನು ಲೇಸರಿಗೆ ಇಡಬೇಡಿ. ಇವೆಲ್ಲ ಪಿವಿಸಿ. ಲೇಸರ್ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ನಿಮ್ಮ ಎದೆಗೂಡಿಗೆ ವಿಷ; ಮಿಷನ್ನಿನ ಕಬ್ಬಿಣಕ್ಕೆ, ಲೆನ್ಸಿಗೆ ತುಕ್ಕು. ಬೋರ್ಡಿನವರ ಅಂಗಡಿಯಲ್ಲಿ ದಿನಬೆಳಗಾದರೆ ಕೈಗೆ ಸಿಗುವುದು ಸನ್‌ಬೋರ್ಡೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಯಾವ ಪ್ಲಾಸ್ಟಿಕ್ ಅಂತ ಅನುಮಾನ ಬಂದರೆ ಬಯಲಿಗೆ ಹೋಗಿ, ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಆ ಪ್ಲಾಸ್ಟಿಕ್‌ಗೆ ಚುಚ್ಚಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ದೂರ ಇಡಿ. ಅಕ್ರಿಲಿಕ್ ಕತ್ತರಿಸುವಾಗಲೂ ಬೆಂಕಿ ಹತ್ತಬಹುದು. ಮಿಷನ್ ಓಡಿಸಿಟ್ಟು ಟೀ ಕುಡಿಯಲು ಹೋಗುವ ಪದ್ಧತಿ ಬೇಡ. ಹೊಗೆ ಹೊರಗೆ ಹಾಕುವ ಫ್ಯಾನಿನ ಕೊಳವೆ ಪಕ್ಕದ ಮನೆಯ ಕಿಟಕಿಗೆ ತಿರುಗಿರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಪಂಚಾಯಿತಿ ಸೇರುತ್ತದೆ.

ರಬ್ಬರ್ ಸೀಲು ದಿನದ ಕಾಸಿಗೆ ಒಳ್ಳೆಯ ಕೆಲಸ. ಆದರೆ ಸರ್ಕಾರಿ ಕಚೇರಿಯ ಮೊಹರನ್ನು ಆ ಕಚೇರಿಯ ಪತ್ರ ಇಲ್ಲದೆ ಮಾಡಬೇಡಿ. ಯಾರೇ ಗೆಳೆಯ ಕೇಳಲಿ, ಎಷ್ಟೇ ಕೊಡಲಿ. ನಕಲಿ ಮೊಹರು ಜೈಲಿನ ದಾರಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಒಂದು ಮಾತಿಗೆ ಮಿಷನ್, ಚಿಲ್ಲರ್, ಸ್ಟೆಬಿಲೈಜರ್, ವೈರಿಂಗ್ ಸೇರಿ ಮೂರು ಲಕ್ಷ ಸಾಲ ಮಾಡಿದಿರಿ ಅನ್ನಿ. ಶೇಕಡಾ 12 ಬಡ್ಡಿ, ಮೂರು ವರ್ಷ ಎಂದರೆ ತಿಂಗಳ ಕಂತು ಹತ್ತಿರ ಹತ್ತಿರ 10,000. ಬಾಡಿಗೆ, ಕರೆಂಟು, ಮುಂದೆ ಹಾಕಬೇಕಾದ ಟ್ಯೂಬಿಗೆ ಎತ್ತಿಡುವ ಹಣ ಸೇರಿಸಿ ಮತ್ತೆ 5,000 ಇಟ್ಟುಕೊಳ್ಳಿ. ತಿಂಗಳಿಗೆ 25 ದಿನ ಅಂಗಡಿ ತೆಗೆದರೆ ದಿನಕ್ಕೆ 600 ರೂಪಾಯಿ. ಮಾಲಿನ ಖರ್ಚು ಕಳೆದು ಉಳಿಯಬೇಕಾದ 600 ಅದು, ನಿಮ್ಮ ಕೂಲಿ ಅದರಲ್ಲಿ ಇಲ್ಲ! ಅಷ್ಟು ಕೆಲಸ ಬರುತ್ತದೆಯೇ ಅಂತ ತಿಳಿಯುವುದಕ್ಕೆ ಮಿಷನ್ ಕೊಳ್ಳಬೇಕಾಗಿಲ್ಲ. ಆರು ತಿಂಗಳು ಊರಿನಿಂದ ಆರ್ಡರ್ ಹಿಡಿಯಿರಿ, ಫೈಲು ನೀವೇ ಮಾಡಿ, ಕೊರೆಯುವುದನ್ನು ಇಲ್ಲೇ ಬೆಂಗಳೂರಿನಲ್ಲಿ ಮಿಷನ್ ಇರುವವರ ಬಳಿ ಜಾಬ್‌ವರ್ಕ್ ಮಾಡಿಸಿ. ಲಾಭ ಕಡಿಮೆ, ಆದರೆ ಗಿರಾಕಿ ನಿಮ್ಮವರಾಗುತ್ತಾರೆ. ಆರನೆಯ ತಿಂಗಳು ಪುಸ್ತಕ ತೆಗೆದು ನೋಡಿ. ಪಾತ್ರೆ ಹೆಚ್ಚಿದ್ದರೆ ಫೈಬರ್, ಬೋರ್ಡು ಹೆಚ್ಚಿದ್ದರೆ ಸಿಓಟು, ಎರಡೂ ಇಲ್ಲದಿದ್ದರೆ ಪೀಣ್ಯದ ಕೆಲಸ ಹೇಗೂ ಇದೆ. ಸಾಲಕ್ಕೆ ಬ್ಯಾಂಕಿನಲ್ಲಿ ಮುದ್ರಾ ಯೋಜನೆ ಕೇಳಿ. 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್. ಅರ್ಜಿಯನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ.

ವಾರಂಟಿ ಚೀಟಿಯಲ್ಲಿ ಟ್ಯೂಬಿಗೆ ಎಷ್ಟು ತಿಂಗಳು, ಪವರ್ ಸಪ್ಲೈಗೆ ಎಷ್ಟು, ರಿಪೇರಿಯವನು ಮಧುಗಿರಿವರೆಗೆ ಬರುತ್ತಾನೆಯೇ ಅಥವಾ ಮಿಷನ್ನನ್ನೇ ಹೊತ್ತು ತರಬೇಕೇ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅರ್ತಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಸಿಓಟು ಟ್ಯೂಬಿಗೆ ಹೋಗುವುದು ಸಾವಿರಾರು ವೋಲ್ಟ್, ಪ್ರಾಣ ತೆಗೆಯುವ ಕರೆಂಟು. ಗೂಟ ಹೊಡೆದು, ಉಪ್ಪು ಇದ್ದಿಲು ತುಂಬಿ, ನೀರು ಹಾಕುತ್ತಾ ಇರಬೇಕು. ನಮ್ಮ ಪಾವಗಡದ ತಿರುಮಣಿಯಲ್ಲಿ ಎರಡು ಸಾವಿರ ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ನಿಜ. ಆದರೂ ಹಳ್ಳಿಯ ಅಂಗಡಿಯಲ್ಲಿ ಸಂಜೆ ವೋಲ್ಟೇಜು ಕುಣಿಯುತ್ತದೆ. ಕೊರೆಯುವಾಗ ಕರೆಂಟು ಹೋದರೆ ಅರ್ಧ ಅಕ್ಷರಕ್ಕೆ ನಿಂತ ಪ್ಲೇಟು ಹಾಳು. ಗಿರಾಕಿಯ ಸ್ವಂತ ಸಾಮಾನು ಕೊರೆಯುವ ಕೆಲಸವನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ.

ಈಗ ಕೆಲವು ತುಂಡುಗಳನ್ನು ನಿಮ್ಮ ಕೈಗೆ ಕಳಿಸುತ್ತೇನೆ, ನೋಡಿ ಪಕ್ಕದವರಿಗೆ ಕೊಡಿ. ಮೊದಲ ಎರಡೂ ಅಕ್ರಿಲಿಕ್, ನೋಡಲು ಒಂದೇ. ಕೊರೆದ ಜಾಗ ಹಾಲಿನಂತೆ ಬೆಳ್ಳಗಿರುವುದು ಕಾಸ್ಟ್ ಶೀಟು. ಮಂಕಾಗಿರುವುದು ಎಕ್ಸ್‌ಟ್ರೂಡೆಡ್, ಇದು ಕತ್ತರಿಸಲು ಆಗುತ್ತದೆ, ಅಕ್ಷರ ಕೊರೆಯಲು ಬೇಡ. ಅಂಗಡಿಯಲ್ಲಿ ಎರಡನ್ನೂ ಅಕ್ರಿಲಿಕ್ ಅಂತಲೇ ಕೊಡುತ್ತಾರೆ, ಕೇಳಿ ತರಬೇಕು. ಮೂರನೆಯದು ಸ್ಟೀಲು. ಅದರಲ್ಲಿ ಧನಲಕ್ಷ್ಮಿ ಅಂತ ಮೂರು ಅಳತೆಯಲ್ಲಿದೆ. ಹಿಂದಿನ ಸಾಲಿನ ತಮ್ಮಂದಿರು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಯ ಸಾಲಿನಲ್ಲಿ ‘ಧ’ ಇದೆಯೋ ‘ದ’ ಇದೆಯೋ ಹೇಳಿ.